ಟ್ರ್ಯಾಕ್ ಡೇ ಸ್ವಯಂಸೇವೆ ಮತ್ತು ಕಟ್ಟುನಿಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರ್ ಕ್ಲಬ್‌ಗಳ ಟ್ರ್ಯಾಕ್ ಡೇಗಳಲ್ಲಿ ಮಾರ್ಷಲ್ ಆಗಿ, ಅಂದರೆ ಟ್ರ್ಯಾಕ್ ಬದಿಯಲ್ಲಿ ಬಾವುಟ ಹಿಡಿದು ಚಾಲಕರನ್ನು ಎಚ್ಚರಿಸುವವನಾಗಿ, ನಿಲ್ಲುವವನು ನಾನು. ಪಿಟ್‌ನಲ್ಲಿ (ಟ್ರ್ಯಾಕಿನ ಪಕ್ಕ ಕಾರುಗಳು ನಿಲ್ಲುವ ಜಾಗ), ಫೋನಿನಲ್ಲಿ, ಊಟದ ಸಾಲಿನಲ್ಲಿ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬರೆದು ಉತ್ತರ ಕೊಟ್ಟಿದ್ದೇನೆ. ಮೊದಲ ಸಲ ಬರುವವರು ಮೇಲಿನಿಂದ ಓದಿ. ಹಳಬರು ಕೊನೆಯ ಎರಡು ಭಾಗ ನೋಡಿದರೆ ಸಾಕು.

## ಮೊದಲ ಸಲ ಬರುವವರಿಗೆ

ಟ್ರ್ಯಾಕ್ ಡೇ ಅಂದ್ರೆ ರೇಸ್ ತಾನೇ?

ಅಲ್ಲ. ಇಲ್ಲಿ ಯಾರೂ ಗೆಲ್ಲುವುದಿಲ್ಲ, ಬಹುಮಾನದ ಕಪ್ ಇಲ್ಲ. ಕ್ಲಬ್ಬು ಒಂದು ದಿನಕ್ಕೆ ರೇಸ್ ಟ್ರ್ಯಾಕ್ ಬಾಡಿಗೆಗೆ ಹಿಡಿಯುತ್ತದೆ. ಸದಸ್ಯರು ದಿನಾ ಆಫೀಸಿಗೆ ಓಡಿಸುವ ಪೋಲೊ, ಸ್ವಿಫ್ಟ್‌ಗಳನ್ನೇ ತರುತ್ತಾರೆ. ಹೊಸಬರು, ಸ್ವಲ್ಪ ಅನುಭವ ಇರುವವರು, ಪಳಗಿದವರು ಅಂತ ಗುಂಪು ಮಾಡಿ ಒಂದೊಂದು ಗುಂಪಿಗೆ 15–20 ನಿಮಿಷದ ಸರದಿ ಕೊಡುತ್ತಾರೆ. ಓವರ್‌ಟೇಕ್ ಮಾಡುವುದು ನೇರ ದಾರಿಯಲ್ಲಿ ಮಾತ್ರ, ಅದೂ ಮುಂದಿನವರು ಕೈ ತೋರಿಸಿ ದಾರಿ ಬಿಟ್ಟ ಮೇಲೆ.

ರೇಸಲ್ಲ ಅಂದ ಮಾತ್ರಕ್ಕೆ ಅಪಾಯ ಕಡಿಮೆ ಅಂದುಕೊಳ್ಳಬೇಡಿ. ರೇಸ್ ಕಾರಿನಲ್ಲಿ ರೋಲ್ ಕೇಜ್ (ಕಾರು ಮಗುಚಿದರೂ ಒಳಗಿನವರನ್ನು ಕಾಯುವ ಉಕ್ಕಿನ ಚೌಕಟ್ಟು) ಇರುತ್ತದೆ, ಚಾಲಕನಿಗೆ ಲೈಸೆನ್ಸೂ ಅಭ್ಯಾಸವೂ ಇರುತ್ತದೆ. ಇಲ್ಲಿ ಸೀಟ್ ಬೆಲ್ಟ್, ಹೆಲ್ಮೆಟ್ಟು, ಆಮೇಲೆ ನೀವು.

ಬೆಂಗಳೂರಿನವರು ಎಲ್ಲಿಗೆ ಹೋಗಬೇಕು?

ಹೆಚ್ಚಿನ ಕ್ಲಬ್‌ಗಳು ಹೋಗುವುದು ಶ್ರೀಪೆರಂಬದೂರಿನ ಹತ್ತಿರದ ಇರುಂಗಾಟ್ಟುಕೋಟೈಗೆ. ಚೆನ್ನೈ ಹೆದ್ದಾರಿಗೆ ಹೊಂದಿಕೊಂಡೇ ಇದೆ. ಶೋಲಾವರಂನ ಹಳೇ ವಿಮಾನ ಪಟ್ಟಿಯಲ್ಲಿ ರೇಸ್ ನಡೆಸುತ್ತಿದ್ದ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ ಈ ಟ್ರ್ಯಾಕ್ ಕಟ್ಟಿತು. 1990ರಲ್ಲಿ ಶುರುವಾದ ಇದರ ಒಂದು ಸುತ್ತು ಸುಮಾರು 3.7 ಕಿ.ಮೀ., ತಿರುವುಗಳು 12. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಚಿಕ್ಕದು, 2 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹೊಸಬರು ಕಲಿಯುವುದಕ್ಕೆ ನನ್ನ ಓಟು ಅದಕ್ಕೇ.

ಓಡಿಸೋಕೆ ಅಂತ ದುಡ್ಡು ಕಟ್ಟಿದೀನಿ. ಮತ್ತೆ ನಾನ್ಯಾಕೆ ಬಾವುಟ ಹಿಡಿದು ಬಿಸಿಲಲ್ಲಿ ನಿಲ್ಲಬೇಕು?

ಯಾಕೆಂದರೆ ನೀವು ಓಡಿಸುವಾಗ ಇನ್ನೊಬ್ಬರು ನಿಮಗಾಗಿ ನಿಂತಿರುತ್ತಾರೆ. ತಿರುವಿನ ಆಚೆ ಏನಿದೆ ಅನ್ನುವುದು ಚಾಲಕನಿಗೆ ಕಾಣುವುದಿಲ್ಲ. ಅಲ್ಲಿ ಎಣ್ಣೆ ಚೆಲ್ಲಿದೆಯೋ, ಕಾರು ಅಡ್ಡ ನಿಂತಿದೆಯೋ ಅಂತ ಹೇಳುವ ಕಣ್ಣು ಪೋಸ್ಟಿನಲ್ಲಿ, ಅಂದರೆ ಟ್ರ್ಯಾಕ್ ಬದಿಯ ಕಾವಲು ಜಾಗದಲ್ಲಿ, ಇರುವ ಮನುಷ್ಯನದು ಮಾತ್ರ. ಎಲ್ಲ ಪೋಸ್ಟಿಗೂ ಸಂಬಳ ಕೊಟ್ಟು ಜನ ಇಡುತ್ತೇವೆ ಅಂದರೆ ನೀವು ಕಟ್ಟುವ ದುಡ್ಡು ಇನ್ನೂ ಏರುತ್ತದೆ. ಇನ್ನೊಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ತಿರುವಿನಲ್ಲಿ ಅರ್ಧ ದಿನ ನಿಂತು ನೋಡಿದವರಿಗೆ, ಯಾರು ಎಲ್ಲಿ ಬ್ರೇಕ್ ಹಿಡಿದು ಕೆಟ್ಟರು, ಯಾರು ಕಾಯ್ದು ತಿರುಗಿ ಬದುಕಿದರು ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ನಂಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಗಂಡನ ಜೊತೆ ಬರ್ತೀನಿ ಅಷ್ಟೆ. ನಂಗೇನಾದ್ರೂ ಕೆಲಸ ಇದೆಯಾ?

ಬೇಕಾದಷ್ಟಿದೆ. ರಿಜಿಸ್ಟ್ರೇಷನ್ ಮೇಜು, ಡ್ರೈವಿಂಗ್ ಲೈಸೆನ್ಸ್ ನೋಡುವುದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದು, ಕೈಪಟ್ಟಿ ಕಟ್ಟುವುದು, ಪೋಸ್ಟ್‌ಗಳಿಗೆ ನೀರು ಮುಟ್ಟಿಸುವುದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಪಿಟ್ ಬಾಗಿಲಿನ ಕೆಲಸ. ಟ್ರ್ಯಾಕಿಗೆ ಇಳಿಯುವ ಪ್ರತಿ ಕಾರನ್ನೂ ಅಲ್ಲಿ ನಿಲ್ಲಿಸಿ, ಕೈಪಟ್ಟಿಯ ಬಣ್ಣ ಈ ಗುಂಪಿನದೇನಾ, ಹೆಲ್ಮೆಟ್ ಪಟ್ಟಿ ಬಿಗಿದಿದೆಯಾ, ಬೆಲ್ಟ್ ಹಾಕಿದ್ದಾರಾ, ಗಾಜು ಇಳಿಸಿದ್ದಾರಾ ನೋಡಬೇಕು. ಇದಕ್ಕೆ ಎಂಜಿನ್ ಜ್ಞಾನ ಬೇಡ. ಪರಿಚಯದ ಮುಖ ಕಂಡರೂ ಬಿಡದೆ ನಿಲ್ಲಿಸುವ ಗಟ್ಟಿತನ ಬೇಕು.

ಏನು ಹಾಕ್ಕೊಂಡು ಬರ್ಲಿ?

ತುಂಬು ತೋಳಿನ ಹತ್ತಿ ಅಂಗಿ, ಹತ್ತಿ ಪ್ಯಾಂಟು, ಪಾದ ಪೂರ್ತಿ ಮುಚ್ಚುವ ಶೂ. ನೈಲಾನ್ ಬೇಡ, ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೆಂಪು, ಹಳದಿ ಬಟ್ಟೆಯೂ ಬೇಡ, ದೂರದಿಂದ ಬರುವ ಚಾಲಕನಿಗೆ ಬಾವುಟದಂತೆ ಕಂಡೀತು. ಟೋಪಿ ಹಾಕಿದರೆ ಗಾಳಿಗೆ ಹಾರದ ಹಾಗೆ ಕಟ್ಟಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ನೀರೊಂದೇ ಸಾಲದು, ಉಪ್ಪು ಹಾಕಿದ ಮಜ್ಜಿಗೆಯನ್ನೋ ಓಆರ್‌ಎಸ್ ಅನ್ನೋ ಜೊತೆಗಿಟ್ಟುಕೊಳ್ಳಿ.

## ಪೋಸ್ಟಿನಲ್ಲಿ ನಿಂತ ಮೇಲೆ

ಬಾವುಟಗಳನ್ನೆಲ್ಲ ಬಾಯಿಪಾಠ ಮಾಡಬೇಕಾ?

ಮಾಡಬೇಕು. ಯೋಚಿಸುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ. ಹಳದಿ ಬೀಸಿದರೆ ಮುಂದೆ ಅಪಾಯ, ವೇಗ ಇಳಿಸು, ಓವರ್‌ಟೇಕ್ ಇಲ್ಲ. ಎರಡು ಹಳದಿ ಒಟ್ಟಿಗೆ ಬೀಸಿದರೆ ದಾರಿಯೇ ಕಟ್ಟಿರಬಹುದು, ನಿಲ್ಲಲು ಸಿದ್ಧವಾಗು. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ಜಾರುವ ನೆಲ, ಸಾಮಾನ್ಯವಾಗಿ ಎಣ್ಣೆಯೋ ನೀರೋ. ಬಿಳಿ ಅಂದರೆ ಮುಂದೆ ನಿಧಾನದ ವಾಹನ. ನೀಲಿ ಅಂದರೆ ಹಿಂದಿನಿಂದ ವೇಗದವನು ಬರುತ್ತಿದ್ದಾನೆ. ಹಸಿರು ಅಂದರೆ ದಾರಿ ತೆರವಾಗಿದೆ. ಕಪ್ಪು ಅಂದರೆ ನೀನು ಪಿಟ್‌ಗೆ ಬಾ. ಕಪ್ಪಿನ ನಡುವೆ ಕಿತ್ತಳೆ ಬೊಟ್ಟು ಇದ್ದರೆ ನಿನ್ನ ಗಾಡಿಯಲ್ಲಿ ಏನೋ ಕೆಟ್ಟಿದೆ. ಕೆಂಪು ಅಂದರೆ ಸರದಿ ನಿಂತಿತು, ಎಲ್ಲರೂ ನಿಧಾನವಾಗಿ ಪಿಟ್‌ಗೆ.

ಅಂತಾರಾಷ್ಟ್ರೀಯ ನಿಯಮದಲ್ಲಿ ಬಾವುಟ ಕನಿಷ್ಠ 60×80 ಸೆಂ.ಮೀ. ಇರಬೇಕು, ಕೆಂಪು ಮತ್ತು ಚೌಕುಳಿ ಬಾವುಟ 80×100. ಕರ್ಚೀಫಿನಷ್ಟು ಬಟ್ಟೆ ಕೊಟ್ಟರೆ ಬೇರೆ ಕೇಳಿ. ಇರುಂಗಾಟ್ಟುಕೋಟೈಯಲ್ಲಿ ಪಕ್ಕದ ಪೋಸ್ಟಿನವರಿಗೆ ತಮಿಳು, ನಿಮಗೆ ಕನ್ನಡ. ಬಾವುಟ ಸರಿಯಾಗಿ ಬೀಸಿದರೆ ಆ ಚಿಂತೆಯೇ ಇಲ್ಲ.

ಖಾಲಿ ನಿಂತಿರುವಾಗ ಒಂದು ಫೋಟೋ ತೆಗೆದ್ರೆ ಏನು ತಪ್ಪು?

ಗಂಟೆಗೆ 120 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 33 ಮೀಟರ್ ಬರುತ್ತದೆ. ಫೋನ್ ತೆಗೆದು, ಫ್ರೇಮ್ ನೋಡಿ, ಒತ್ತುವ ಮೂರು ಸೆಕೆಂಡಿಗೆ ನೂರು ಮೀಟರ್ ದಾಟಿರುತ್ತದೆ. ಪೋಸ್ಟಿನಲ್ಲಿ ಇಬ್ಬರಿದ್ದರೆ ಒಬ್ಬರು ಬರುವ ಕಾರುಗಳನ್ನು, ಇನ್ನೊಬ್ಬರು ಮುಂದಿನ ಪೋಸ್ಟನ್ನು ನೋಡುತ್ತಿರಬೇಕು. ಬರುವ ಕಾರಿಗೆ ಬೆನ್ನು ಹಾಕಬಾರದು, ತಡೆಗೋಡೆಯ ಮೇಲೆ ಕೂರಬಾರದು, ಓಡಿ ತಪ್ಪಿಸಿಕೊಳ್ಳುವ ದಾರಿ ಯಾವುದು ಅಂತ ನಿಂತ ಕೂಡಲೇ ನೋಡಿಟ್ಟುಕೊಳ್ಳಬೇಕು. ಫೋಟೋ ಬೇಕಾದರೆ ಊಟದ ಬಿಡುವಿನಲ್ಲಿ ತೆಗೆಯಿರಿ.

ಕಣ್ಣೆದುರಿಗೇ ಕಾರು ಹೊತ್ತಿ ಉರಿದ್ರೂ ಓಡಿ ಹೋಗಬಾರದಾ? ಇದೆಂಥ ನಿಯಮ?

ಈ ಪ್ರಶ್ನೆ ಕೇಳುವವರ ಮನಸ್ಸು ಒಳ್ಳೆಯದು. ಅದಕ್ಕೇ ಉದ್ದವಾಗಿ ಹೇಳುತ್ತೇನೆ.

1977ರ ಮಾರ್ಚ್ 5, ದಕ್ಷಿಣ ಆಫ್ರಿಕಾದ ಕ್ಯಾಲಾಮಿ ಟ್ರ್ಯಾಕ್, ಫಾರ್ಮುಲಾ ಒನ್ ರೇಸ್. ಪಿಟ್‌ಗಳ ಎದುರು ಬದಿಯಲ್ಲಿ ಒಂದು ಕಾರು ಕೆಟ್ಟು ನಿಂತಿತು, ಸಣ್ಣಗೆ ಬೆಂಕಿ ಕಾಣಿಸಿತು. ಪಿಟ್ ಕಡೆಯಿಂದ ಇಬ್ಬರು ಮಾರ್ಷಲ್‌ಗಳು ಯಾರ ಅಪ್ಪಣೆಗೂ ಕಾಯದೆ ಟ್ರ್ಯಾಕ್ ದಾಟಿ ಓಡಿದರು. ಹಿಂದಿದ್ದವನು 19 ವರ್ಷದ ಹುಡುಗ, ಕೈಯಲ್ಲಿ ಭಾರದ ಅಗ್ನಿಶಾಮಕ ಸಿಲಿಂಡರ್. ಅದೇ ಹೊತ್ತಿಗೆ ದಿಬ್ಬದ ಆಚೆಯಿಂದ ಗಂಟೆಗೆ ಸುಮಾರು 270 ಕಿ.ಮೀ. ವೇಗದಲ್ಲಿ ಕಾರುಗಳು ಬಂದವು. ದಿಬ್ಬ ಹತ್ತಿ ಇಳಿಯುವವರೆಗೆ ಅವುಗಳಲ್ಲೊಂದರ ಚಾಲಕ ಟಾಮ್ ಪ್ರೈಸ್‌ಗೆ ಆ ಹುಡುಗ ಕಾಣುವಂತಿರಲಿಲ್ಲ. ಪ್ರೈಸ್ ಕಾರು ಬಡಿದು ಹುಡುಗ ಅಲ್ಲೇ ಸತ್ತ. ಸಿಲಿಂಡರ್ ತಲೆಗೆ ಬಡಿದು ಪ್ರೈಸ್ ಕೂಡ ಸತ್ತರು. ಯಾರನ್ನು ಉಳಿಸಲು ಓಡಿದರೋ ಆ ಚಾಲಕ ಆಗಲೇ ಕಾರಿನಿಂದ ಇಳಿಯುತ್ತಿದ್ದ.

ಕ್ರಮ ಹೀಗೆ. ಮೊದಲು ಹಳದಿ ಬೀಸಿ. ರೇಡಿಯೋದಲ್ಲಿ ಪೋಸ್ಟ್ ನಂಬರ್, ಏನಾಯಿತು, ಕಾರು ಎಲ್ಲಿದೆ ಅಂತ ಹೇಳಿ. ಕಂಟ್ರೋಲ್‌ನವರು (ಇಡೀ ಟ್ರ್ಯಾಕ್ ನಡೆಸುವ ಕೋಣೆಯವರು) ಕೆಂಪು ಬಾವುಟ ಹಾಕಿ "ಹೋಗಿ" ಅಂದ ಮೇಲೆ ಮಾತ್ರ ಹೆಜ್ಜೆ ಇಡಿ. ಬೆಂಕಿಯಿದ್ದರೆ ಗಾಳಿ ನಿಮ್ಮ ಬೆನ್ನಿಗೆ ಬೀಸುವ ಕಡೆ ನಿಂತು ಜ್ವಾಲೆಯ ಬುಡಕ್ಕೆ ಪೌಡರ್ ಹೊಡೆಯಿರಿ. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಇನ್ನೂ ಏಳುತ್ತದೆ. ಗಾಯಗೊಂಡವರನ್ನು ಎಳೆದು ಹೊರಗೆ ಹಾಕುವುದು ಬೆಂಕಿಯಂಥ ಪ್ರಾಣಾಪಾಯ ಇದ್ದಾಗ ಮಾತ್ರ. ಇಲ್ಲದಿದ್ದರೆ ಕುತ್ತಿಗೆ ಅಲುಗಾಡಿಸದೆ ಡಾಕ್ಟರಿಗೆ ಕಾಯಬೇಕು.

ನಿನ್ನೆ ತಾನೇ ಸರ್ವೀಸ್ ಮಾಡಿಸಿದೀನಿ. ಸ್ಕ್ರೂಟಿನಿಯಲ್ಲಿ ಅಷ್ಟೊಂದು ತಕರಾರು ಯಾಕೆ?

ಸರ್ವೀಸ್ ಸೆಂಟರ್ ನೋಡುವುದು ರಸ್ತೆಗೆ ಆಗುತ್ತದಾ ಅಂತ. ಸ್ಕ್ರೂಟಿನಿ, ಅಂದರೆ ಟ್ರ್ಯಾಕಿಗೆ ಇಳಿಯುವ ಮುಂಚಿನ ತಪಾಸಣೆ, ನೋಡುವುದು ಟ್ರ್ಯಾಕಿಗೆ ಆಗುತ್ತದಾ ಅಂತ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ಮಾನದಂಡ, ನೀರು ಸೇರಿದ್ದಕ್ಕೆ ಆ ಮಿತಿ 155 ಡಿಗ್ರಿ. ಪೇಟೆಯ ಓಡಾಟದಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಟ್ರ್ಯಾಕಿನಲ್ಲಿ ನಾಲ್ಕೈದು ಸುತ್ತು ಗಟ್ಟಿ ಬ್ರೇಕ್ ಹಿಡಿದರೆ ಆಯಿಲ್ ಕುದ್ದು ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ಸ್ಕ್ರೂಟಿನಿಯವರು ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸುತ್ತಾರೆ, ಟಾರ್ಕ್ ಸ್ಪ್ಯಾನರ್‌ನಿಂದ ನಟ್ಟು ನೋಡುತ್ತಾರೆ, ಬ್ಯಾಟರಿ ಎಳೆದು ನೋಡುತ್ತಾರೆ. ಆದರೆ ಹೊಸಬರ ಕಾರು ವಾಪಸ್ ಬರುವುದು ಬಹಳ ಸಲ ಸೀಟಿನಡಿ ಉಳಿದ ನೀರಿನ ಬಾಟಲಿಯಿಂದ. ಬ್ರೇಕ್ ಒತ್ತಿದ ಕೂಡಲೇ ಅದು ಉರುಳಿ ಮುಂದೆ ಬಂದು ಪೆಡಲ್ ಹಿಂದೆ ಸಿಕ್ಕಿಕೊಂಡರೆ ಗತಿಯೇನು? ಮ್ಯಾಟು, ಜಾಕು, ಡ್ಯಾಶ್‌ಬೋರ್ಡಿನ ಗಣಪನ ಸಮೇತ ಎಲ್ಲ ಹೊರಗೆ ತೆಗೆದು ಭಕ್ತಿಯಿಂದ ಪಿಟ್‌ನಲ್ಲಿ ಇಡಿ.

ಟ್ರ್ಯಾಕಿಗೆ ನಾಯಿ ಬಂದ್ರೆ ಏನು ಮಾಡೋದು?

2011ರಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಸರ್ಕಿಟ್‌ನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸಿನ ಮೊದಲ ಅಭ್ಯಾಸವೇ ನಾಯಿಯಿಂದಾಗಿ ಕೆಂಪು ಬಾವುಟ ಕಂಡಿತು. ಹಾಗಾಗಿ ನಾಚಿಕೊಳ್ಳದೆ ರೇಡಿಯೋದಲ್ಲಿ ಹೇಳಿ, ಹಳದಿ ಬೀಸಿ. ಅಟ್ಟಿಸಿಕೊಂಡು ಓಡಬೇಡಿ, ಅದು ಟ್ರ್ಯಾಕಿನ ನಡುವಿಗೇ ಹೋಗುತ್ತದೆ. ಬೆಳಿಗ್ಗೆ ಮೊದಲ ಕಾರು ಇಳಿಯುವ ಮುಂಚೆ ಬೇಲಿ ಉದ್ದಕ್ಕೂ ಒಂದು ಸುತ್ತು ಹಾಕುವುದು ಇದಕ್ಕೇ.

## ಕಟ್ಟುನಿಟ್ಟಿನ ಬಗ್ಗೆ

ಎರಡು ನಿಮಿಷ ತಡ ಆಗಿದ್ದಕ್ಕೆ ಬ್ರೀಫಿಂಗ್‌ಗೆ ಬಿಡಲಿಲ್ಲ. ಮುನ್ನೂರು ಕಿಲೋಮೀಟರ್ ಓಡಿಸಿಕೊಂಡು ಬಂದಿದ್ದೆ. ಅತಿ ಆಯ್ತಲ್ವಾ?

ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೂ ಬಾಗಿಲು ಹಾಕಿದ್ದೇ ಸರಿ. ಅವತ್ತು ಯಾವ ತಿರುವಿನಲ್ಲಿ ಮಣ್ಣು ಬಂದಿದೆ, ಯಾವ ಪೋಸ್ಟು ಖಾಲಿ, ಕೆಂಪು ಬಾವುಟ ಬಂದರೆ ಯಾವ ಕಡೆಯಿಂದ ಒಳಗೆ ಬರಬೇಕು ಅನ್ನುವುದನ್ನು ಹೇಳುವುದು ಬ್ರೀಫಿಂಗಿನ, ಅಂದರೆ ಬೆಳಗಿನ ಸೂಚನಾ ಸಭೆಯ, ಆ ಇಪ್ಪತ್ತು ನಿಮಿಷದಲ್ಲೇ. ಅದನ್ನು ಕೇಳದ ಒಬ್ಬ ಚಾಲಕ ಟ್ರ್ಯಾಕಿನಲ್ಲಿದ್ದರೆ ಉಳಿದವರೆಲ್ಲ ಕೇಳಿದ್ದು ವ್ಯರ್ಥ. ಆದರೆ ಕ್ಲಬ್ಬಿಗೂ ಒಂದು ಹೊಣೆ ಇದೆ. ತಪ್ಪಿಸಿಕೊಂಡವರನ್ನು ಕೂರಿಸಿ ಎರಡನೇ ಬ್ರೀಫಿಂಗ್ ಕೊಟ್ಟು ಮಧ್ಯಾಹ್ನದ ಸರದಿಗಾದರೂ ಬಿಡಬೇಕು. ಈ ಏರ್ಪಾಡು ಇಲ್ಲದ ಕಡೆ ಅದನ್ನು ಕೇಳಿ ಪಡೆಯಿರಿ.

ನಾವೇನು ಸಂಬಳಕ್ಕೆ ಬಂದವರಾ? ಸಿಓಸಿ ಸಾಹೇಬ್ರು ಯಾಕೆ ನಮ್ಮ ಮೇಲೆ ರೇಗಬೇಕು?

ಸಿಓಸಿ ಅಂದರೆ ಕ್ಲರ್ಕ್ ಆಫ್ ದ ಕೋರ್ಸ್, ಆ ದಿನದ ಟ್ರ್ಯಾಕಿಗೆ ಯಜಮಾನ. ರೇಡಿಯೋದಲ್ಲಿ ಅವರು "ಪೋಸ್ಟ್ ಏಳು, ಹಳದಿ ಇಳಿಸಿ" ಅಂದಾಗ "ದಯವಿಟ್ಟು" ಇರುವುದಿಲ್ಲ. ಒಂದೇ ಚಾನೆಲ್ಲಿನಲ್ಲಿ ಎಲ್ಲ ಪೋಸ್ಟಿನವರೂ ಕಾಯುತ್ತಿರುತ್ತಾರೆ, ಮಾತು ಮೊಟಕಾಗಲೇಬೇಕು. ಅದನ್ನು ಬೈಗುಳ ಅಂತ ತಿಳಿಯಬೇಡಿ.

ಆದರೆ ನಾಲ್ಕು ಜನರೆದುರು "ನಿಂಗೆ ತಲೆ ಇದೆಯೇನಯ್ಯಾ" ಅನ್ನುವುದು ಕಟ್ಟುನಿಟ್ಟಲ್ಲ, ದರ್ಬಾರು. ಎರಡರ ನಡುವಿನ ಗೆರೆ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಕಟ್ಟುನಿಟ್ಟಿನ ಮುಖ್ಯಸ್ಥರು ಬೆಳಿಗ್ಗೆಯೇ ನಿಯಮ ಹೇಳಿರುತ್ತಾರೆ, ಯಾಕೆ ಅಂತಲೂ ಹೇಳಿರುತ್ತಾರೆ, ಮೀರಿದರೆ ಏನಾಗುತ್ತದೆ ಅನ್ನುವುದನ್ನೂ ಹೇಳಿರುತ್ತಾರೆ. ಮಧ್ಯಾಹ್ನ ಅದನ್ನೇ ದನಿ ಏರಿಸದೆ ಮಾಡಿ ತೋರಿಸುತ್ತಾರೆ. ದರ್ಬಾರು ನಡೆಸುವವರಿಗೆ ನಿಯಮ ನೆನಪಾಗುವುದು ಸಿಟ್ಟು ಬಂದಾಗ. ಗದರಿಕೆಗೆ ಹೆದರಿದ ಮಾರ್ಷಲ್ ಅನುಮಾನ ಬಂದರೂ ಬಾವುಟ ಎತ್ತುವುದಿಲ್ಲ. ಟ್ರ್ಯಾಕಿನಲ್ಲಿ ಅದಕ್ಕಿಂತ ದೊಡ್ಡ ಅಪಾಯ ನನಗೆ ಗೊತ್ತಿಲ್ಲ.

ಅಧ್ಯಕ್ಷರ ಫ್ರೆಂಡಿಗೆ ಒಂದು ರೂಲು, ನಮಗೊಂದು ರೂಲು. ಕೇಳೋರ್ಯಾರು?

ಇದು ಕ್ಲಬ್‌ಗಳನ್ನು ಒಳಗಿನಿಂದ ತಿನ್ನುವ ರೋಗ. ಪ್ರಾಯೋಜಕರ ಮಗ ಹಳದಿ ಬಾವುಟದಡಿ ಓವರ್‌ಟೇಕ್ ಮಾಡಿದ, ಅವನಿಗೆ ಬುದ್ಧಿಮಾತು. ಮರು ಸರದಿಯಲ್ಲಿ ಹೊಸ ಹುಡುಗ ಅದೇ ಮಾಡಿದ, ಅವನನ್ನು ಮನೆಗೆ ಕಳಿಸಿದರು. ಅಲ್ಲಿಂದ ಮುಂದೆ ಆ ದಿನದ ಯಾವ ನಿಯಮಕ್ಕೂ ಬೆಲೆ ಇಲ್ಲ. ಮಾರ್ಷಲ್‌ಗಳು ಕಾರು ಏನು ಮಾಡಿತು ಅಂತ ನೋಡುವುದು ಬಿಟ್ಟು ಕಾರಿನೊಳಗೆ ಯಾರಿದ್ದಾರೆ ಅಂತ ನೋಡಲು ಶುರು ಮಾಡುತ್ತಾರೆ.

ಮದ್ದು ಸರಳ, ನುಂಗುವುದು ಕಷ್ಟ. ಶಿಕ್ಷೆಯನ್ನು ಬರೆದಿಡಬೇಕು: ಹಳದಿಯಡಿ ಓವರ್‌ಟೇಕ್ ಮಾಡಿದರೆ ಒಂದು ಸರದಿ ಇಲ್ಲ, ಎರಡನೇ ಸಲ ಮಾಡಿದರೆ ದಿನ ಮುಗಿಯಿತು. ಆ ದಿನ ಓಡಿಸುವ ಕ್ಲಬ್ ಪದಾಧಿಕಾರಿಗೆ ಟ್ರ್ಯಾಕಿನ ತೀರ್ಮಾನದಲ್ಲಿ ಬಾಯಿ ಇರಬಾರದು. ಸಿಓಸಿ ಆ ದಿನ ಸ್ಟೀರಿಂಗ್ ಮುಟ್ಟಬಾರದು. ಅಧ್ಯಕ್ಷರಿಗೇ ಕಪ್ಪು ಬಾವುಟ ತೋರಿಸಿದ ಪೋಸ್ಟಿನವರ ಬೆನ್ನಿಗೆ ಸಂಜೆ ಸಿಓಸಿ ಎಲ್ಲರೆದುರು ನಿಲ್ಲಬೇಕು.

ಆರ್ಡರ್ ತಪ್ಪು ಅನ್ನಿಸಿದ್ರೂ ಕಣ್ಮುಚ್ಚಿ ಪಾಲಿಸಬೇಕಾ?

ಆರ್ಡರ್ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. "ನಿಲ್ಲಿ" ಅಂದರೆ ನಿಂತು ಆಮೇಲೆ ಕೇಳಿ. "ಹೋಗಿ" ಅಂದಾಗ ಅನುಮಾನ ಇದ್ದರೆ ಹೋಗುವ ಮುಂಚೆ ಕೇಳಿ. "ಕಂಟ್ರೋಲ್, ಕಾರು ಇನ್ನೂ ಬರುತ್ತಿದೆ, ನಾನು ಹೋಗುತ್ತಿಲ್ಲ" ಅಂತ ರೇಡಿಯೋದಲ್ಲಿ ಹೇಳುವುದು ಅವಿಧೇಯತೆ ಅಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತವರಿಗೆ ನಿಮ್ಮ ತಿರುವು ಕಾಣುತ್ತಿಲ್ಲ. ಬೇಡದಿದ್ದರೂ ಬೀಸಿದ ಹಳದಿಗೆ ಯಾರೂ ಬೈಯಬಾರದು. ಹೀಗೆ ಬೈಯುವ ಕ್ಲಬ್ಬಿಗೆ ನಾನಂತೂ ಹೋಗುವುದಿಲ್ಲ.

## ಜವಾಬ್ದಾರಿ ಹೊರುವವರಿಗೆ

ಅಮೆರಿಕಾದಲ್ಲಿ ನಮ್ಮ ಭಾವ ಹೇಳ್ತಾರೆ, ಅಲ್ಲಿ ಓಡಿಸೋರೆಲ್ಲ ಕೆಲಸ ಮಾಡಲೇಬೇಕಂತೆ. ಹೌದಾ?

ಅವರು ಹೇಳುತ್ತಿರುವುದು ಬಹುಶಃ ಆಟೊಕ್ರಾಸ್ ಬಗ್ಗೆ. ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕೋನ್‌ಗಳನ್ನಿಟ್ಟು ಒಂದು ಸಲಕ್ಕೆ ಒಬ್ಬರಂತೆ ಓಡಿಸುವುದು. 1944ರಲ್ಲಿ ಶುರುವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದ ಕೂಟಗಳಲ್ಲಿ ಒಂದು ಗುಂಪು ಓಡಿಸುವಾಗ ಇನ್ನೊಂದು ಗುಂಪು ಬಿದ್ದ ಕೋನ್ ಎತ್ತಿಡುತ್ತದೆ. ಒಂದು ಕೋನ್ ಬಿದ್ದರೆ ಓಡಿಸಿದವರ ಸಮಯಕ್ಕೆ ಎರಡು ಸೆಕೆಂಡು ಸೇರುತ್ತದೆ. ಆ ಪದ್ಧತಿ ನಮ್ಮ ಸಣ್ಣ ಕ್ಲಬ್‌ಗಳಿಗೆ ಚೆನ್ನಾಗಿ ಒಗ್ಗುತ್ತದೆ. ಒಂದೇ ಎಚ್ಚರಿಕೆ: ಕೋನ್ ಎತ್ತುವುದನ್ನು ಯಾರಿಗೆ ಬೇಕಾದರೂ ಒಪ್ಪಿಸಬಹುದು, ವೇಗದ ಟ್ರ್ಯಾಕಿನ ಬಾವುಟ ಹಾಗಲ್ಲ. ಅಲ್ಲಿ ಪ್ರತಿ ಪೋಸ್ಟಿನಲ್ಲೂ ಒಬ್ಬ ಪಳಗಿದವರು ಇರಲೇಬೇಕು.

ಏನಾದ್ರೂ ಆದ್ರೆ ಕಾರಿನ ಇನ್ಶೂರೆನ್ಸ್ ಕೊಡುತ್ತಾ?

ಕೊಡುತ್ತದೆ ಅಂತ ನಂಬಿ ಇಳಿಯಬೇಡಿ. ನಮ್ಮಲ್ಲಿನ ಸಾಮಾನ್ಯ ವಾಹನ ಪಾಲಿಸಿಯಲ್ಲಿ ಆಯೋಜಿತ ರೇಸು, ವೇಗ ಪರೀಕ್ಷೆಗಳಿಗೆ ರಕ್ಷಣೆ ಇಲ್ಲ ಅಂತಲೇ ಬರೆದಿರುತ್ತದೆ. ಸ್ವಯಂಸೇವಕರ ವಿಚಾರ ಬೇರೆ: ಪೋಸ್ಟಿನಲ್ಲಿ ನಿಲ್ಲುವ ಪ್ರತಿಯೊಬ್ಬರಿಗೂ ವೈಯಕ್ತಿಕ ಅಪಘಾತ ವಿಮೆ ಮಾಡಿಸುವುದು ಕ್ಲಬ್ಬಿನ ಕರ್ತವ್ಯ. ಅದರ ಪ್ರತಿ ಕೇಳಿ ನೋಡುವುದು ನಿಮ್ಮ ಹಕ್ಕು.

ಸ್ವಯಂಸೇವಕರು ಒಂದು ಸಲ ಬರ್ತಾರೆ, ಮತ್ತೆ ತಲೆ ಹಾಕಲ್ಲ. ಏನು ಮಾಡೋಣ?

ಮೊದಲು ಊಟ ಹೇಗೆ ನಡೆಯಿತು ನೋಡಿ. ಚಾಲಕರು ನೆರಳಲ್ಲಿ ಬಿಸಿ ಬಿರಿಯಾನಿ ತಿಂದ ಮೇಲೆ ದೂರದ ಪೋಸ್ಟಿಗೆ ಮೂರು ಗಂಟೆಗೆ ತಣ್ಣನೆಯ ಪೊಟ್ಟಣ ತಲುಪಿದರೆ ಮುಂದಿನ ಸಲ ಯಾರು ಬರುತ್ತಾರೆ? ಪೋಸ್ಟಿಗೆ ನೆರಳು, ನೀರು, ಎರಡು ಗಂಟೆಗೊಮ್ಮೆ ಬದಲಿ ಜನ. ಸಂಜೆ ಹೋಗುವಾಗ ಎಲ್ಲರೂ ಬಂದರಾ ಅಂತ ತಲೆ ಎಣಿಕೆ. ಜನರಿಂದ ಇಷ್ಟು ಶಿಸ್ತು ಕೇಳುವ ಮುಖ್ಯಸ್ಥರು ಇಷ್ಟನ್ನಾದರೂ ಶಿಸ್ತಾಗಿ ಕೊಡಬೇಕು. ಕೊನೆಯ ಸರದಿ ಮುಗಿದ ಕೂಡಲೇ ಎಚ್ಚರ ತಪ್ಪುವುದನ್ನೂ ತಡೆಯಿರಿ. 2013ರ ಕೆನಡಾ ಗ್ರ್ಯಾನ್ ಪ್ರಿಯಲ್ಲಿ ಒಬ್ಬ ಮಾರ್ಷಲ್ ಸತ್ತದ್ದು ರೇಸ್ ಮುಗಿದ ಮೇಲೆ, ಕೆಟ್ಟ ಕಾರನ್ನು ಸಾಗಿಸುತ್ತಿದ್ದ ವಾಹನದ ಚಕ್ರಕ್ಕೆ ಸಿಕ್ಕಿ.

ಅಪಘಾತ ಆದ್ರೆ ರಿಪೋರ್ಟ್ ಹೇಗೆ ಬರೆಯೋದು? ಯಾರದ್ದು ತಪ್ಪು ಅಂತ ಬರೀಬೇಕಾ?

ಬೇಡ. ನೀವು ಕಂಡದ್ದನ್ನು ಮಾತ್ರ, ಕಂಡ ಸರದಿಯಲ್ಲೇ, ಅದೇ ದಿನ ಬರೆಯಿರಿ. "ಬಿಳಿ ಕಾರು ಅಜಾಗರೂಕತೆಯಿಂದ ಗುದ್ದಿತು" ಅನ್ನುವುದು ತೀರ್ಪು, ಅದು ಸಿಓಸಿ ಕೆಲಸ. "11.40. ಪೋಸ್ಟ್ 7. ನಂಬರ್ 14, ಬಿಳಿ ಕಾರು, ತಿರುವಿಗೆ ಮುಂಚೆ ಬ್ರೇಕ್ ದೀಪ ಹತ್ತಿತು, ಹಿಂಭಾಗ ಎಡಕ್ಕೆ ಜಾರಿತು, ನಂಬರ್ 22ರ ಬಲ ಬಾಗಿಲಿಗೆ ತಗುಲಿತು. ಆಗ ಹಳದಿ ಇರಲಿಲ್ಲ. ಕೂಡಲೇ ಹಳದಿ ಬೀಸಿದೆ. ಚಾಲಕರಿಬ್ಬರೂ ತಾವೇ ಇಳಿದರು" ಅನ್ನುವುದು ವರದಿ. ಜೊತೆಗಿದ್ದವರು ಬೇರೆ ಹಾಳೆಯಲ್ಲಿ ಬೇರೆಯಾಗಿ ಬರೆಯಲಿ, ಇಬ್ಬರೂ ಕೂತು ಒಂದೇ ಕತೆ ಹೊಂದಿಸಬೇಡಿ. ಕಾಣದೇ ಹೋದದ್ದಕ್ಕೆ "ಕಾಣಲಿಲ್ಲ" ಅಂತ ಬರೆದು, ಕೆಳಗೆ ಹೆಸರು, ಸಮಯ, ಸಹಿ ಹಾಕಿ ಕಂಟ್ರೋಲ್ ರೂಮಿಗೆ ಕೊಟ್ಟುಬಿಡಿ.